ಕುಣಿಯುವವರ ತಂಡದ ಮೇಲೆ ನಾಟಕ ಕಟ್ಟುದು ಹೇಗೆ, ಅದರ ಚರಿತ್ರೆ ಬರೆದಿಡುದು ಹೇಗೆ

ಉಡುಪಿಯವರಿಗೆ ಬ್ಯಾಲೆ ಅನ್ನುವ ಶಬ್ದ ಹೊಸತಲ್ಲ. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನೇ ಬ್ಯಾಲೆ ಮಾಡಿ, ಮಾತು ತೆಗೆದು, ಹಿಮ್ಮೇಳಕ್ಕೆ ಪಿಟೀಲು ಸ್ಯಾಕ್ಸೊಫೋನ್ ಸೇರಿಸಿ, ರಾತ್ರಿ ಬೆಳಗಾಗುವವರೆಗೆ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ತಂದು ದೇಶ ವಿದೇಶ ತಿರುಗಿಸಿದವರು. ಅದೇ ಕಾಲದ ಆಸುಪಾಸಲ್ಲಿ, 1971ರಲ್ಲಿ, ಯಕ್ಷಗಾನ ಕೇಂದ್ರವೂ ಇಲ್ಲಿಯೇ ಶುರುವಾಯ್ತು. ಅಂದ್ರೆ ಒಂದು ನೃತ್ಯ ತಂಡದ ಒಳಗಿನ ಕಥೆ ಹೇಳ್ಲಿಕ್ಕೆ ನಮಗೆ ಪ್ಯಾರಿಸ್ಸಿಗೋ ಮಾಸ್ಕೋಗೋ ಹೋಗ್ಬೇಕಂತ ಇಲ್ಲ, ಸಾಮಗ್ರಿ ಎಲ್ಲ ಇಲ್ಲಿಯೇ ಉಂಟು. ಹವ್ಯಾಸಿ ತಂಡದವರು ಯಾರಾದ್ರೂ ಈ ವರ್ಷ ಇಂಥ ನಾಟಕ ಕೈಗೆತ್ತಿಕೊಳ್ಳುವ ಯೋಚನೆಯಲ್ಲಿದ್ರೆ ಕೆಳಗಿನದ್ದು ಅವರಿಗೆ.

ಮೊದಲು ಜಗಳ ಯಾವುದು ಅಂತ ನಿಶ್ಚಯ ಮಾಡಿ. ತಂಡದ ಕಥೆ ಅಂದ ಕೂಡ್ಲೆ ಎಲ್ಲರಿಗೂ ಹೊಳೆಯುದು ಸ್ಥಾಪನೆ, ಕಷ್ಟ, ಸನ್ಮಾನ, ವಿದೇಶ ಪ್ರವಾಸ, ಹೀಗೆ ಒಂದರ ಹಿಂದೆ ಒಂದು, ಅದು ಅಭಿನಂದನಾ ಗ್ರಂಥ ಆಗ್ತದೆ ಬಿಟ್ರೆ ನಾಟಕ ಆಗುದಿಲ್ಲ. ನಾಟಕಕ್ಕೆ ಒಂದೇ ಒಂದು ತಕರಾರು ಸಾಕು. ನನ್ನ ಪ್ರಕಾರ ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ: ಅರ್ಥಗಾರಿಕೆಯಲ್ಲಿ, ಅಂದ್ರೆ ಪದ್ಯದ ಅರ್ಥವನ್ನು ಪಾತ್ರವಾಗಿ ನಿಂತು ಮಾತಲ್ಲಿ ಬೆಳೆಸುದರಲ್ಲಿ, ಹೆಸರು ಮಾಡಿದ, ರಂಗಸ್ಥಳದಲ್ಲಿ ಬಾಯಿ ತೆರೆದ್ರೆ ಊರೇ ಸುಮ್ಮನೆ ಕೂತು ಕೇಳುವಂಥ ಒಬ್ಬ ಕಲಾವಿದ, ಅವನಿಗೆ ನಿರ್ದೇಶಕ ಬಂದು "ಇನ್ನು ಮಾತು ಬೇಡ, ಮೈಯಲ್ಲಿ ಹೇಳಿ" ಅಂತಾನೆ. ಅವನ ಇಪ್ಪತ್ತೈದು ವರ್ಷದ ಸಂಪಾದನೆ ಪೂರಾ ನಾಲಗೆಯಲ್ಲಿ. ಕಾಲು ಮೊದಲಿನ ಹಾಗೆ ಇಲ್ಲ. ನಿರ್ದೇಶಕ ಹೇಳುದೂ ಸರಿಯೇ, ಭಾಷೆ ಗೊತ್ತಿಲ್ಲದ ಊರಲ್ಲಿ ಆಡುವಾಗ ಮಾತಿಗೆ ಏನು ಬೆಲೆ. ಇಬ್ಬರೂ ಸರಿ ಇರುವ ಜಗಳ ಸಿಕ್ಕಿದ್ರೆ ಬಿಡ್ಬೇಡಿ. ಇದಕ್ಕೆ ನಿಜವಾಗಿ ಬಾಳಿದವರ ಹೆಸರು ಹಾಕುದು ಬೇಡ, ಕಲ್ಪಿತ ತಂಡ, ಕಲ್ಪಿತ ಊರು ಮಾಡ್ಕೊಳ್ಳಿ, ಯಾಕಂದ್ರೆ ಹಳೆಯ ಕಲಾವಿದರ ಮನೆಯವರು ಸಭೆಯಲ್ಲಿ ಮುಂದಿನ ಸಾಲಲ್ಲೇ ಕೂತಿರ್ತಾರೆ, ಅವರಿಗೆ ನೋವಾಗುವ ಸಾಲು ಬರೆದ್ರೆ ಮತ್ತೆ ಯಾರೂ ನಿಮಗೆ ಬಾಯಿ ಬಿಟ್ಟು ಏನೂ ಹೇಳುದಿಲ್ಲ.

ಎರಡನೆಯದ್ದು, ಮತ್ತು ಇದೇ ಮುಖ್ಯ: ಕುಣಿತವನ್ನು ಮಧ್ಯೆ ಮಧ್ಯೆ ತುರುಕಬೇಡಿ. ನೃತ್ಯ ತೆಗೆದ್ರೂ ಕಥೆ ನಡೀತದೆ ಅಂತಾದ್ರೆ ಅದು ನೃತ್ಯ ತಂಡದ ನಾಟಕವೇ ಅಲ್ಲ. ಇದಕ್ಕೆ ಒಂದು ಒಳ್ಳೆ ಉದಾಹರಣೆ ಅಮೆರಿಕದ್ದು, ಆನ್ ಯುವರ್ ಟೋಸ್ ಅಂತ, 1936ರ ಏಪ್ರಿಲಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಶುರುವಾದ ಸಂಗೀತ ನಾಟಕ. ಕಥೆಯಲ್ಲಿ ಒಂದು ರಷ್ಯನ್ ಬ್ಯಾಲೆ ಕಂಪನಿ, ಅದರೊಳಗೆ ಬಂದು ಸೇರುವ ಒಬ್ಬ ಸಂಗೀತದ ಮೇಷ್ಟ್ರು. ಕೊನೆಯ ಬ್ಯಾಲೆಯಲ್ಲಿ ಅವನನ್ನು ಕೊಲ್ಲಲಿಕ್ಕೆ ಗೂಂಡಾಗಳು ಪ್ರೇಕ್ಷಕರ ಮಧ್ಯೆಯೇ ಕೂತಿದ್ದಾರೆ, ಕುಣಿತ ಮುಗಿದ ಗಳಿಗೆಯಲ್ಲಿ ಗುಂಡು ಹಾರ್ತದೆ, ಹಾಗಾಗಿ ಪೊಲೀಸರು ಬರುವವರೆಗೆ ಅವನು ನಿಲ್ಲಿಸದೆ ಕುಣಿಯಲೇಬೇಕು. ಕುಣಿತ ನಿಂತ್ರೆ ಜೀವ ಹೋಯ್ತು. ನೋಡಿ, ಅಲ್ಲಿ ನೃತ್ಯವೇ ಕಥೆ. ಅದರ ನೃತ್ಯ ಸಂಯೋಜನೆ ಜಾರ್ಜ್ ಬಾಲಂಶೀನ್ ಅವರದ್ದು, ಅವರು ರಷ್ಯದ ಡಿಯಾಗಿಲೆವ್ ಕಟ್ಟಿದ ಬ್ಯಾಲೆ ರೂಸ್ ಅನ್ನುವ ಹೆಸರಾಂತ ಕಂಪನಿಯಲ್ಲಿ ಕೆಲಸ ಮಾಡಿ ಬಂದವರು, ಬ್ಯಾಲೆ ಕಂಪನಿಯ ಒಳಗು ಹೊರಗು ಎರಡೂ ಗೊತ್ತಿದ್ದವರು.

ನಮ್ಮ ಕಥೆಗೆ ಅದನ್ನೇ ತರ್ಲಿಕ್ಕೆ ಗೂಂಡಾ ಪಿಸ್ತೂಲು ಬೇಡ. ಮೇಲೆ ಹೇಳಿದ ಅರ್ಥಧಾರಿಯನ್ನೇ ತಗೊಳ್ಳಿ. ಮೊದಲ ಅಂಕದಲ್ಲಿ ಅವನು ಒಂದು ಪದ್ಯಕ್ಕೆ ಐದು ನಿಮಿಷ ಅರ್ಥ ಹೇಳ್ಲಿ, ಪ್ರೇಕ್ಷಕರು ಚಪ್ಪಾಳೆ ಹೊಡೀಲಿ. ಕೊನೆಗೆ ಅದೇ ಪದ್ಯ, ಅದೇ ತಾಳ, ಮಾತಿಲ್ಲ. ಆಗ ಅವನ ಹೆಜ್ಜೆಯಲ್ಲಿ ಮೊದಲು ಕೇಳಿದ ಮಾತು ಜನರಿಗೆ ನೆನಪಾಗ್ಬೇಕು, ಅಥವಾ ಅವನಿಗೆ ಆಗ್ಲಿಲ್ಲ ಅನ್ನುದು ಕಾಣ್ಬೇಕು. ಯಾವುದಾದ್ರೂ ಒಂದು. ಎರಡನ್ನೂ ವಿವರಿಸುವ ಡೈಲಾಗು ಬರೆಯಬೇಡಿ.

ಸ್ಕ್ರಿಪ್ಟ್ ಸ್ವಂತದ್ದಲ್ಲ, ಯಾರದ್ದೋ ಕಾದಂಬರಿ ಅಥವಾ ಅನುವಾದ ಅಂತಾದ್ರೆ ಅನುಮತಿ ಕಾಗದದಲ್ಲಿ ತಗೊಳ್ಳಿ, ಫೋನಲ್ಲಿ ಹೇಳಿದ್ದು ಸಾಲುದಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಅವರ ಕಡೆಯವರಿಗೆ ಇರ್ತದೆ. ಕಾರಂತರು ಹೋದದ್ದು 1997ರಲ್ಲಿ, ಹಾಗಾಗಿ ಅವರ ಕೃತಿ ಮುಟ್ಟುವುದಾದ್ರೆ ಕೇಳಿಯೇ ಮುಟ್ಟಬೇಕು. ಓದ್ಲಿಕ್ಕೆ ಬೇಕಾದ್ರೆ ಅವರ ಯಕ್ಷಗಾನ ಬಯಲಾಟ ಪುಸ್ತಕ ಸಿಗ್ತದೆ, 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ.

ಕಲಾವಿದರನ್ನು ಮಾತಾಡಿಸ್ಲಿಕ್ಕೆ ಸಮಯ ನೋಡಿ ಹೋಗಿ. ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿ ಕಳೆದು ಶುರುವಾದ್ರೆ ಪತ್ತನಾಜೆವರೆಗೆ, ಅಂದ್ರೆ ಮೇ ಕೊನೆಯ ವಾರದವರೆಗೆ. ಆ ಆರು ತಿಂಗಳು ಅವರಿಗೆ ರಾತ್ರಿ ಆಟ, ಹಗಲು ನಿದ್ದೆ, ಆಗ ಹೋಗಿ ಬಾಗಿಲು ಬಡಿದು ಸಂದರ್ಶನ ಕೇಳುದು ಸರಿಯಲ್ಲ. ಮಳೆಗಾಲ ಒಳ್ಳೇದು. ಜೂನ್ ಜುಲೈಯಲ್ಲಿ ಮಧ್ಯಾಹ್ನ ಊಟ ಆಗಿ ಹೋದ್ರೆ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡ್ತಾರೆ. "ನಿಮ್ಮ ಜೀವನದ ಬಗ್ಗೆ ಹೇಳಿ" ಅಂತ ಕೇಳ್ಬೇಡಿ, ಅದಕ್ಕೆ ಎಲ್ಲರೂ ಸನ್ಮಾನದ ಭಾಷಣವನ್ನೇ ಹೇಳುದು. ಒಂದು ಹಳೇ ಫೋಟೋ ತಗೊಂಡು ಹೋಗಿ, "ಭಾಗವತ್ರೇ, ಇದ್ರಲ್ಲಿ ಮದ್ದಳೆಯಲ್ಲಿ ಇರುದು ಯಾರು?" ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಮದ್ದಳೆಯವರಿಂದ ಶುರುವಾಗಿ, ಆ ದಿನ ಊಟಕ್ಕೆ ಎಂತ ಇತ್ತು, ಸಂಬಳ ಎಷ್ಟು, ಬಸ್ಸು ಎಲ್ಲಿ ಕೆಟ್ಟಿತು, ಯಾರು ಯಾರ ಹತ್ರ ಮಾತು ಬಿಟ್ಟಿದ್ರು, ಎಲ್ಲ ಬರ್ತದೆ. ನಾಟಕಕ್ಕೆ ಬೇಕಾದ್ದು ಅದೇ.

ಪಾತ್ರ ಹಂಚುವಾಗ ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ನಟರಿಗೆ ಎರಡು ತಿಂಗಳಲ್ಲಿ ದಿಗಿಣ (ಯಕ್ಷಗಾನದ ಹಾರಿ ತಿರುಗುವ ಕುಣಿತ) ಕಲಿಸ್ಲಿಕ್ಕೆ ಹೋಗ್ಬೇಡಿ, ಮೊಣಕಾಲು ಹೋಗ್ತದೆ ಅಷ್ಟೆ. ಕುಣಿಯುವವರ ಪಾತ್ರಕ್ಕೆ ಕಲಿತವರನ್ನೇ ಹಾಕಿ, ಅವರಿಗೆ ಮಾತು ಕಡಿಮೆ ಕೊಡಿ. ಮಾತು ಬಲ್ಲ ನಟರನ್ನು ಯಜಮಾನ, ಮ್ಯಾನೇಜರ್, ನಿರ್ದೇಶಕ, ಹೆಂಡತಿ, ಪತ್ರಕರ್ತ ಇಂಥದ್ದಕ್ಕೆ ಹಾಕಿ. ಹಿಮ್ಮೇಳಕ್ಕೂ ಅಷ್ಟೇ, ಮದ್ದಳೆಗಾರನ ಪಾತ್ರಕ್ಕೆ ಮದ್ದಳೆ ಗೊತ್ತಿಲ್ಲದವರನ್ನು ಕೂರಿಸಿ ಹಿಂದಿನಿಂದ ರೆಕಾರ್ಡ್ ಹಾಕಿದ್ರೆ ಉಡುಪಿಯಲ್ಲಿ ಅರ್ಧ ಸಭೆಗೆ ಕೈ ನೋಡಿದ ಕೂಡ್ಲೆ ಗೊತ್ತಾಗ್ತದೆ ಮಾರ್ರೆ. ನಾಟಕದ ನಿರ್ದೇಶಕ ಬೇರೆ, ನೃತ್ಯ ನೋಡಿಕೊಳ್ಳುವವರು ಬೇರೆ ಅಂತಾದ್ರೆ ಕೊನೆಯ ಮಾತು ಯಾವುದರಲ್ಲಿ ಯಾರದ್ದು ಅಂತ ಮೊದಲ ದಿನವೇ ಎಲ್ಲರ ಎದುರು ಹೇಳಿಬಿಡಿ. ರಿಹರ್ಸಲ್ಲಿನಲ್ಲಿ ಮೊದಲು ಕುಣಿತ ಕೂರಿಸಿ, ಆಮೇಲೆ ಮಾತು. ಮಾತನ್ನು ಕೊನೆಯ ವಾರ ಕತ್ತರಿಸ್ಬಹುದು, ಕುಣಿತವನ್ನು ಹಾಗೆ ಮಾಡ್ಲಿಕ್ಕೆ ಆಗುದಿಲ್ಲ, ತಾಳ ತಪ್ತದೆ.

ಈಗ ನೆಲದ ವಿಷಯ. ಇದನ್ನು ಯಾರೂ ಯೋಚನೆ ಮಾಡುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೇನೆ. ನಮ್ಮ ಹೆಚ್ಚಿನ ಸಭಾಂಗಣಗಳ ವೇದಿಕೆ ಭಾಷಣಕ್ಕೆ ಕಟ್ಟಿದ್ದು, ಕೆಳಗೆ ಕಾಂಕ್ರೀಟು, ಮೇಲೆ ಟೈಲ್ಸೋ ಗ್ರಾನೈಟೋ. ಅದರ ಮೇಲೆ ಬರಿಗಾಲಲ್ಲಿ ದಿನಾ ಎರಡು ಗಂಟೆ ಹಾರಿದ್ರೆ ಹಿಮ್ಮಡಿ, ಮೊಣಕಾಲು, ಸೊಂಟ ಎಲ್ಲದಕ್ಕೂ ಪೆಟ್ಟು. ಬ್ಯಾಲೆ ಕಂಪನಿಗಳು ಕೆಳಗೆ ಪೊಳ್ಳು ಇಟ್ಟು ಮರದ ನೆಲ ಹಾಕುದು ಸುಮ್ಮನೆ ಅಲ್ಲ, ಕಾಲು ಬಿದ್ದಾಗ ನೆಲ ಸ್ವಲ್ಪ ತಗ್ಗಿ ಏಳ್ಬೇಕು. ನಮಗೆ ಅಷ್ಟು ಖರ್ಚು ಮಾಡ್ಲಿಕ್ಕೆ ಆಗುದಿಲ್ಲ, ಆದ್ರೆ ಒಂದು ಉಪಾಯ ಉಂಟು. ಕೆಳಗೆ ದಪ್ಪ ರಬ್ಬರ್ ಮ್ಯಾಟು ಅಥವಾ ಗಟ್ಟಿ ಫೋಮ್, ಅದರ ಮೇಲೆ 8 ಅಡಿ 4 ಅಡಿಯ ಪ್ಲೈವುಡ್ ಶೀಟು, 24 ಅಡಿ ಅಗಲ 20 ಅಡಿ ಆಳದ ಜಾಗಕ್ಕೆ 15 ಶೀಟು ಬೇಕು. ಶೀಟಿನ ಸಂದು ಎಲ್ಲ ಒಂದೇ ಗೆರೆಯಲ್ಲಿ ಬಾರದ ಹಾಗೆ ಇಟ್ಟಿಗೆ ಕಟ್ಟುವ ಕ್ರಮದಲ್ಲಿ ಜೋಡಿಸಿ (ಅದಕ್ಕೆ ಒಂದೆರಡು ಶೀಟು ಅರ್ಧಕ್ಕೆ ಕೊಯ್ಯಬೇಕಾಗ್ತದೆ), ಸಂದಿಗೆ ಅಗಲದ ಟೇಪು ಎಳೆಯಿರಿ. ಟೇಪಿನ ಅಂಚು ಎದ್ದಿದೆಯಾ ಅಂತ ಪ್ರತಿ ಶೋ ಮೊದಲು ಒಬ್ಬರು ಬರಿಗಾಲಲ್ಲಿ ಉಜ್ಜಿಕೊಂಡು ನಡೆದು ನೋಡ್ಬೇಕು, ಗೆಜ್ಜೆ ಅದಕ್ಕೆ ಸಿಕ್ಕಿಕೊಂಡ್ರೆ ಬೀಳುದೇ. ಮಳೆಗಾಲದಲ್ಲಿ ನಮ್ಮ ಹವೆಗೆ ಪ್ಲೈವುಡ್ ನೀರು ಕುಡಿದು ಉಬ್ತದೆ, ಹಾಗಾಗಿ ನೆಲಕ್ಕೆ ತಾಗಿಸಿ ಇಡ್ಬೇಡಿ, ನಿಲ್ಲಿಸಿ ಇಡಿ. ಮತ್ತೆ ಪ್ಲೈವುಡ್ಡಿನ ಮೇಲೆ ಹೆಜ್ಜೆಯ ಶಬ್ದ ಜೋರು ಬರ್ತದೆ, ಕೆಲವರು ಅದಕ್ಕೆ ಬೇಡ ಅಂತಾರೆ. ನನಗೆ ಅದು ಬೇಕು ಅನ್ನಿಸುದು. ಕುಣಿಯುವವರ ಭಾರ ಪ್ರೇಕ್ಷಕರಿಗೆ ಕೇಳ್ಬೇಕು.

ಇನ್ನು ಚೌಕಿ, ಅಂದ್ರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ತಂಡದ ನಾಟಕ ಅಂದ್ರೆ ಅರ್ಧ ನಡೆಯುದು ಚೌಕಿಯಲ್ಲೇ, ಅದನ್ನು ಬರೇ ಒಂದು ಮೇಕಪ್ ರೂಮು ಅಂತ ಎರಡು ಕುರ್ಚಿ ಒಂದು ಕನ್ನಡಿ ಇಟ್ಟು ಮುಗಿಸ್ಬೇಡಿ. ಮೇಳದ ಚೌಕಿಯಲ್ಲಿ ದೇವರ ಜಾಗ ಒಂದು ತುದಿಯಲ್ಲಿ, ಅಲ್ಲಿಂದ ಎರಡು ಸಾಲಲ್ಲಿ ಕಲಾವಿದರು ಕೂರುದು, ಯಾರು ಎಲ್ಲಿ ಅನ್ನುದು ಅವರ ವೇಷದ ಸ್ಥಾನದ ಮೇಲೆ. ಇದು ಗೊತ್ತಿದ್ರೆ ನಿಮಗೆ ಅರ್ಧ ದೃಶ್ಯ ಪುಕ್ಕಟೆ ಸಿಕ್ಕಿದ ಹಾಗೆ. ಹೊಸ ಹುಡುಗನೊಬ್ಬ ತನ್ನ ಪೆಟ್ಟಿಗೆ ತಂದು ಹಿರಿಯರ ಜಾಗದಲ್ಲಿ ಇಡ್ಲಿ, ಯಾರೂ ಏನೂ ಹೇಳುದು ಬೇಡ, ಹಿರಿಯರು ಬಂದು ಒಂದು ಕ್ಷಣ ನಿಂತು ಕೊನೆಯ ಜಾಗಕ್ಕೆ ಹೋಗಿ ಕೂರ್ಲಿ. ಸಭೆಯಲ್ಲಿ ಆಟ ನೋಡಿ ಬೆಳೆದವರಿಗೆಲ್ಲ ಹೊಟ್ಟೆಯಲ್ಲಿ ಒಂಥರಾ ಆಗ್ತದೆ. ಬಣ್ಣ ಹಚ್ಚುದನ್ನು ಪೂರ್ತಿ ತೋರಿಸ್ಲಿಕ್ಕೆ ಹೋಗ್ಬೇಡಿ, ರಾಕ್ಷಸರ ಬಣ್ಣದ ವೇಷ ಆದ್ರೆ ಗಂಟೆಗಟ್ಟಲೆ ಆಗ್ತದೆ. ಮುಖ ಮೊದಲೇ ಬರೆದು, ಕೊನೆಯ ಹಂತ ಮಾತ್ರ ಸ್ಟೇಜಿನಲ್ಲಿ ಮಾಡಿ: ಎಡಗೈಯಲ್ಲಿ ಸಣ್ಣ ಕನ್ನಡಿ, ಬಲಗೈಯಲ್ಲಿ ಕಡ್ಡಿ, ಹುಬ್ಬಿನ ಒಂದು ಗೆರೆ, ಹಿಂದಿನಿಂದ ಇನ್ನೊಬ್ಬ ಮುಂಡಾಸಿನ ಬಟ್ಟೆ ಎಳೆದು ಬಿಗಿಯುತ್ತಾ ಇದ್ದಾನೆ, ಎಳೆದಾಗೆಲ್ಲ ಕನ್ನಡಿ ಅಲುಗಾಡ್ತದೆ, ಗೆರೆ ಮಾತ್ರ ಅಲುಗಾಡುದಿಲ್ಲ. ಆಗಲೇ ಜಗಳದ ಮಾತು ನಡೀಲಿ.

ಚೌಕಿಯಿಂದ ರಂಗಸ್ಥಳಕ್ಕೆ ಹೋಗುದನ್ನು ತೋರಿಸುವ ಒಂದು ಕ್ರಮ ಹೇಳ್ತೇನೆ, ಮಾಡಿ ನೋಡಿ. ಸ್ಟೇಜನ್ನು ತಿರುಗಿಸಿ. ಅಂದ್ರೆ ನಮ್ಮ ಪ್ರೇಕ್ಷಕರು ಚೌಕಿಯ ಕಡೆ ಕೂತ ಹಾಗೆ, ಆಟದ ಪ್ರೇಕ್ಷಕರು ಹಿಂದಿನ ಗೋಡೆಯ ಆಚೆ ಇದ್ದ ಹಾಗೆ. ಹಿಂಬದಿಯಲ್ಲಿ ಇಬ್ಬರು ಹುಡುಗರು ತೆರೆ ಹಿಡಿದು ನಿಂತಿರ್ತಾರೆ, ವೇಷ ನಮಗೆ ಬೆನ್ನು ಹಾಕಿ ತೆರೆಯ ಈಚೆ ನಿಂತಿದೆ, ಬೆಳಕು ಆ ಕಡೆಯಿಂದ. ಆಗ ಕಾಣುದು ಕಿರೀಟದ ಮುಂಭಾಗದ ಹೊಳಪಲ್ಲ, ಹಿಂದಿನ ಗಂಟು, ಬೆವರಿಗೆ ಒದ್ದೆಯಾದ ಬಟ್ಟೆ, ಮೇಲೆ ಕೆಳಗೆ ಆಗುವ ಹೆಗಲು. ಚೆಂಡೆ ಏರ್ತದೆ, ತೆರೆ ಸರೀತದೆ, ಹೆಗಲಿನ ಏದುಸಿರು ಒಮ್ಮೆಲೇ ನಿಲ್ತದೆ. ಇದಕ್ಕೆ ಬೆಳಕಿನವರ ಹತ್ರ ಮೊದಲೇ ಕೂತು ಮಾತಾಡಿ, ಹಿಂದಿನಿಂದ ಬರುವ ಲೈಟು ಸೀದ ಜನರ ಕಣ್ಣಿಗೆ ಹೊಡೆಯದ ಹಾಗೆ ಎತ್ತರದಿಂದ ಇಳಿಸಿ ಕೊಡ್ಬೇಕು.

ಹಾಲ್ ಬುಕ್ ಮಾಡುವ ಮೊದಲು ಟೇಪು ಹಿಡ್ಕೊಂಡು ಹೋಗಿ. ಮಂಗಳೂರಿನ ಪುರಭವನ ಆಗ್ಲಿ, ಡಾನ್ ಬಾಸ್ಕೊ ಹಾಲ್ ಆಗ್ಲಿ, ಉಡುಪಿ ಎಂಜಿಎಂ ಕಾಲೇಜಿನ ರವೀಂದ್ರ ಮಂಟಪ ಆಗ್ಲಿ, ಒಂದೊಂದರ ಅಳತೆ ಒಂದೊಂದು. ವೇದಿಕೆಗಿಂತ ಮೊದಲು ವಿಂಗಿನ (ವೇದಿಕೆಯ ಬದಿಯ) ಬಾಗಿಲಿನ ಎತ್ತರ ನೋಡಿ, ಕಿರೀಟ ಕಟ್ಟಿದ ಮೇಲೆ ಮನುಷ್ಯ ಎಷ್ಟು ಎತ್ತರ ಆಗ್ತಾನೆ ಅಂತ ನೆನಪಿರ್ಲಿ. ಮುಚ್ಚಿದ ಹಾಲಲ್ಲಿ ಚೆಂಡೆಗೆ ಮೈಕ್ ಬೇಡವೇ ಬೇಡ. ಬಯಲಲ್ಲಿ ಆಡುದಾದ್ರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ, ಹಾಗಾಗಿ 7ಕ್ಕೆ ಶುರು ಅಂದ್ರೆ 7ಕ್ಕೇ ಶುರು ಮಾಡಿ, ಸಭಾ ಕಾರ್ಯಕ್ರಮ ಬೇಕಂತಿದ್ರೆ ನಾಟಕ ಆದ ಮೇಲೆ ಇಡಿ. ವೇಷಭೂಷಣ ಬಾಡಿಗೆಯವರಿಗೆ ಅಡ್ವಾನ್ಸ್ ಬೇಗ ಕೊಡಿ, ಡಿಸೆಂಬರ್ ಜನವರಿ ಶಾಲಾ ವಾರ್ಷಿಕೋತ್ಸವದ ಕಾಲದಲ್ಲಿ ಒಂದು ಕಿರೀಟವೂ ಸಿಗುದಿಲ್ಲ.

ಇಷ್ಟು ಮಾಡಿದ ಮೇಲೆ ನಾಟಕ ಆಗ್ತದೆ, ಅದ್ರಲ್ಲಿ ಸಂಶಯ ಇಲ್ಲ. ಆದ್ರೆ ನಾನು ನಿಜವಾಗಿ ಒತ್ತಿ ಹೇಳ್ಲಿಕ್ಕೆ ಇರುದು ಇನ್ನೊಂದು: ನಾಟಕದ ಪ್ರಯೋಗದ ಚರಿತ್ರೆ ಮೊದಲ ರಿಹರ್ಸಲಿಂದಲೇ ಬರೆದಿಡಿ. ಮಾತಿನ ನಾಟಕ ಆದ್ರೆ ಸ್ಕ್ರಿಪ್ಟ್ ಉಳೀತದೆ, ಇಪ್ಪತ್ತು ವರ್ಷ ಬಿಟ್ಟು ಇನ್ಯಾರೋ ಆಡ್ಬಹುದು. ಕುಣಿತ ಇರುವ ನಾಟಕದಲ್ಲಿ ಸ್ಕ್ರಿಪ್ಟಿನಲ್ಲಿ "ಇಲ್ಲಿ ನೃತ್ಯ" ಅಂತ ಒಂದು ಸಾಲು ಬಿಟ್ರೆ ಏನೂ ಇರುದಿಲ್ಲ. 1913ರ ಮೇ 29ಕ್ಕೆ ಪ್ಯಾರಿಸ್ಸಿನಲ್ಲಿ ಬ್ಯಾಲೆ ರೂಸ್‌ನವರು ದಿ ರೈಟ್ ಆಫ್ ಸ್ಪ್ರಿಂಗ್ ಆಡಿದಾಗ ಸಭೆಯಲ್ಲಿ ಗಲಾಟೆಯೇ ಆಯ್ತು, ಅಷ್ಟು ಹೆಸರಾದ ಪ್ರಯೋಗ, ಆದ್ರೆ ನಿಜಿನ್‌ಸ್ಕಿ ಸಂಯೋಜಿಸಿದ ಕುಣಿತ ಕೆಲವೇ ಪ್ರದರ್ಶನ ಆಗಿ ಕಳೆದೇ ಹೋಯ್ತು. ಸ್ಟ್ರಾವಿನ್‌ಸ್ಕಿಯ ಸಂಗೀತ ಉಳೀತು, ಹೆಜ್ಜೆ ಉಳೀಲಿಲ್ಲ. 1987ರಲ್ಲಿ ಅಮೆರಿಕದ ಜಾಫ್ರಿ ಬ್ಯಾಲೆ ಕಂಪನಿಯವರಿಗೋಸ್ಕರ ಮಿಲಿಸೆಂಟ್ ಹಾಡ್‌ಸನ್ ಅದನ್ನು ಪುನಃ ಕಟ್ಟಿದ್ದು ಎಂತದ್ರಿಂದ ಅಂದ್ರೆ ಆಗ ನೋಡಿದವರು ಬಿಡಿಸಿದ ಚಿತ್ರ, ಪತ್ರಿಕೆಯ ವಿಮರ್ಶೆ, ಸಹಾಯಕಿಯಾಗಿದ್ದ ಮರೀ ರಾಂಬೇರ್ ಸಂಗೀತದ ಪ್ರತಿಯಲ್ಲಿ ಬರೆದುಕೊಂಡ ಟಿಪ್ಪಣಿ. ಒಬ್ಬರು ಪೆನ್ಸಿಲಲ್ಲಿ ಬರೆದಿಟ್ಟದ್ದು ಎಪ್ಪತ್ತು ವರ್ಷ ಆದ ಮೇಲೆ ಕೆಲಸಕ್ಕೆ ಬಂತು.

ಆನ್ ಯುವರ್ ಟೋಸ್ ಕಥೆಯೂ ಹಾಗೇ. 1936ರಲ್ಲಿ 315 ಪ್ರದರ್ಶನ. 1954ರಲ್ಲಿ ಮತ್ತೆ ಎತ್ತಿದಾಗ 64ಕ್ಕೇ ನಿಂತಿತು. 1983ರಲ್ಲಿ ಮತ್ತೆ ಮಾಡಿದ್ರು, ಅದನ್ನು ಮೊದಲು ಬರೆದವರಲ್ಲಿ ಒಬ್ಬರಾದ ಜಾರ್ಜ್ ಅಬಟ್ ಅವರದ್ದೇ ನಿರ್ದೇಶನ, ಆಗ ಅವರಿಗೆ 95 ವರ್ಷ, ಬ್ಯಾಲೆರಿನಾ ಪಾತ್ರಕ್ಕೆ ನಿಜವಾದ ಬ್ಯಾಲೆರಿನಾ ನಟಾಲಿಯಾ ಮಕಾರೋವಾ, ಹಳೆಯ ವಾದ್ಯ ಸಂಯೋಜನೆಯನ್ನೇ ಪುನಃ ತಂದ್ರು, 505 ಪ್ರದರ್ಶನ ಆಯ್ತು. ಅದೇ ನಾಟಕ, ಮೂರು ಕಾಲ, ಮೂರು ಫಲ. ಪ್ರತಿ ಸಲ ಏನು ಬದಲಾಯ್ತು ಅಂತ ದಾಖಲೆ ಇರುದ್ರಿಂದ ಇವತ್ತು ಉಡುಪಿಯಲ್ಲಿ ಕೂತು ನಾವು ಅದರಿಂದ ಕಲೀಬಹುದು.

ನಿಮ್ಮ ಕಡತಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಡ, ಒಂದು ದಪ್ಪ ಲೆಡ್ಜರ್ ಪುಸ್ತಕ, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ, ಅವರಿಗೆ ಸ್ಟೇಜಿನಲ್ಲಿ ಬೇರೆ ಕೆಲಸ ಇರ್ಬಾರ್ದು. ಪ್ರತಿ ಶೋ ಆದ ರಾತ್ರಿಯೇ, ಊಟಕ್ಕೆ ಕೂರುವ ಮೊದಲು, ತಾರೀಕು, ಜಾಗ, ಶುರುವಾದ ಮತ್ತು ಮುಗಿದ ಗಂಟೆ, ಯಾರ ಪಾತ್ರ ಯಾರು ಮಾಡಿದ್ದು, ಏನು ಕತ್ತರಿಸಿದ್ದು, ಜನ ಅಂದಾಜು ಎಷ್ಟು, ಕಲೆಕ್ಷನ್ ಎಷ್ಟು, ಎಲ್ಲಿ ತಪ್ಪಿತು, ಇಷ್ಟು ಬರೀಬೇಕು. ಲೈಟು, ಸೌಂಡು, ಬಣ್ಣ, ತೆರೆ ಹಿಡಿದ ಹುಡುಗರು, ಊಟ ಬಡಿಸಿದವರು, ಎಲ್ಲರ ಪೂರ್ತಿ ಹೆಸರು. ಕುಣಿತಕ್ಕೆ ಬಾಯಿತಾಳ (ಬಾಯಲ್ಲಿ ಹೇಳುವ ತಾಳದ ಶಬ್ದ) ಒಂದು ಪುಟದಲ್ಲಿ ಬರೆದು, ಎದುರಿನ ಪುಟದಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಚಲಿಸ್ತಾರೆ ಅಂತ ಬಾಣ ಹಾಕಿ ಚಿತ್ರ ಮಾಡಿ. ವೀಡಿಯೋ ಇದ್ರೂ ಇದು ಬೇಕು, ವೀಡಿಯೋದಲ್ಲಿ ಹಿಂದಿನ ಸಾಲಿನವರು ಮುಂದಿನವರ ಮರೆಯಲ್ಲಿ ಹೋಗ್ತಾರೆ. ವೀಡಿಯೋ ಮಾಡುವಾಗ ಝೂಮ್ ಮಾಡ್ಬೇಡಿ, ಮೊಬೈಲನ್ನು ಸ್ಟಾಂಡಿಗೆ ಹಾಕಿ ನಡುವಿನ ಸಾಲಿನಿಂದ ಇಡೀ ವೇದಿಕೆ, ಪಾದ ಸಮೇತ, ಕಾಣುವ ಹಾಗೆ ಇಟ್ಟುಬಿಡಿ, ಇನ್ನೊಂದು ವಿಂಗಿನಿಂದ. ರೀಲ್ಸಿಗೆ ಬೇಕಾದ್ದು ಬೇರೆ ಮಾಡ್ಕೊಳ್ಳಿ.

ಪೇಪರ್ ಕಟಿಂಗಿನ ಮೇಲೆ ಪತ್ರಿಕೆಯ ಹೆಸರು, ತಾರೀಕು ಕತ್ತರಿಸುವ ಮೊದಲೇ ಬರೆಯಿರಿ. ಆಮಂತ್ರಣ ಪತ್ರಿಕೆ, ಟಿಕೇಟು, ಬ್ಯಾನರಿನ ಫೋಟೋ, ಬಾಡಿಗೆ ರಶೀದಿ, ಇದೆಲ್ಲ ಒಂದು ಪೆಟ್ಟಿಗೆಗೆ ಹೋಗ್ಲಿ, ನಮ್ಮ ಮಳೆಗೆ ಬೂಸ್ಟು ಹಿಡಿಯದ ಹಾಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಕಡತದ ಎಲ್ಲ ಪುಟ ಸ್ಕ್ಯಾನ್ ಮಾಡಿ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಒಂದು ಪ್ರತಿ ತಂಡದ ಎಲ್ಲರಿಗೂ ತೆರೆಯುವ ಡ್ರೈವಿನಲ್ಲಿ, ಒಬ್ಬರ ಮೊಬೈಲಲ್ಲಿ ಮಾತ್ರ ಇಟ್ರೆ ಅವರು ಫೋನ್ ಬದಲಿಸುವಾಗ ಹೋಗ್ತದೆ. ಕೊನೆಯ ಶೋ ಆಗಿ ಒಂದು ತಿಂಗಳ ಒಳಗೆ ಎಲ್ಲರೂ ಒಂದು ಆದಿತ್ಯವಾರ ಕೂತು ಲೆಡ್ಜರ್ ಮೊದಲಿಂದ ಓದಿ, ಒಬ್ಬೊಬ್ಬರ ನೆನಪು ಒಂದೊಂದು ಥರ ಇರ್ತದೆ, ಆ ಎರಡು ಮೂರು ಥರವನ್ನೂ ಹೆಸರು ಸಮೇತ ಅಂಚಿನಲ್ಲಿ ಬರೆದಿಡಿ. ಮತ್ತೆ ಒಂದು ಝೆರಾಕ್ಸ್ ಪ್ರತಿ ಬೈಂಡ್ ಮಾಡಿಸಿ ಹತ್ರದ ಕಾಲೇಜಿನ ಲೈಬ್ರರಿಗೆ ಕೊಟ್ಟು ಕೈಬರಹದ ರಶೀದಿ ತಗೊಳ್ಳಿ, ಆ ರಶೀದಿಯನ್ನೂ ಲೆಡ್ಜರಿಗೇ ಅಂಟಿಸಿ.